ರೋಹನ್ ಬೋಪಣ್ಣ: ತಡವಾಗಿ ಬಂದ ಗೆಲುವುಗಳ ಹಿಂದಿನ ಆಟ

ಕ್ರಾಸ್‌ಕೋರ್ಟ್

2025ರ ನವೆಂಬರ್ 1ರಂದು ರೋಹನ್ ಬೋಪಣ್ಣ ವೃತ್ತಿಪರ ಟೆನಿಸ್‌ಗೆ ವಿದಾಯ ಹೇಳಿದ ಮೇಲೆ ನಾನು ಓದಿದ ಬರಹಗಳಲ್ಲಿ ಹೆಚ್ಚಿನವು ಅವರ ವಯಸ್ಸಿನ ಸುತ್ತಲೇ ತಿರುಗುತ್ತಿದ್ದವು. 43ನೇ ವಯಸ್ಸಿನಲ್ಲಿ ಪುರುಷರ ಡಬಲ್ಸ್‌ನ ಮೊದಲ ಗ್ರ್ಯಾನ್‌ಸ್ಲಾಮ್, ಅದೇ ವಾರ ವಿಶ್ವದ ಒಂದನೇ ರ‍್ಯಾಂಕ್, 44 ತುಂಬಿದ ತಿಂಗಳಲ್ಲೇ ಮಯಾಮಿ ಮಾಸ್ಟರ್ಸ್ (ಗ್ರ್ಯಾನ್‌ಸ್ಲಾಮ್‌ಗಳ ನಂತರದ ಮಟ್ಟದ ಟೂರ್ನಿ) ಪ್ರಶಸ್ತಿ. ಇವೆಲ್ಲ ದೊಡ್ಡ ಸಾಧನೆಗಳೇ, ನಿಜ. ಆದರೆ ವಯಸ್ಸಿನ ಮಾತೇ ಮುಂದಾದಾಗ ಆಟದ ಮಾತು ಹಿಂದೆ ಬೀಳುತ್ತದೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅವರ ಪಂದ್ಯಗಳನ್ನು ನೋಡಿಕೊಂಡು ಬಂದ ನನಗೆ ಇದರ ಬಗ್ಗೆ ಸ್ವಲ್ಪ ಬೇಸರವಿದೆ.

ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಬೋಪಣ್ಣನವರ ಕೊನೆಯ ವರ್ಷಗಳ ಗೆಲುವು ಅದೃಷ್ಟದಿಂದಾಗಲಿ ಪವಾಡದಿಂದಾಗಲಿ ಬಂದದ್ದಲ್ಲ. ಸಿಂಗಲ್ಸ್‌ಗೆಂದು ಕಟ್ಟಿಕೊಂಡಿದ್ದ ಬಲದ ಆಟವನ್ನು ಅವರು ವರ್ಷಗಟ್ಟಲೆ ಸವರಿ, ತಿದ್ದಿ, ಡಬಲ್ಸ್‌ನ ಆಟವಾಗಿ ಮಾರ್ಪಡಿಸಿಕೊಂಡರು. ಆ ಕೆಲಸ ಮುಗಿಯುವ ಹೊತ್ತಿಗೆ ಅವರಿಗೆ ನಲವತ್ತು ದಾಟಿತ್ತು, ಅಷ್ಟೆ.

ಹಿನ್ನೆಲೆ ಎಲ್ಲರಿಗೂ ಗೊತ್ತಿರುವುದೇ. 1980ರ ಮಾರ್ಚ್ 4ರಂದು ಜನನ, ಕೊಡಗಿನ ಕಾಫಿ ಬೆಳೆಗಾರರ ಮನೆಯ ಬಾಲ್ಯ, ಹನ್ನೊಂದರ ವಯಸ್ಸಿನಲ್ಲಿ ಕೈಗೆ ಬಂದ ರ‍್ಯಾಕೆಟ್, ಮುಂದೆ ಪುಣೆಯಲ್ಲಿ ತರಬೇತಿ, 2003ರಲ್ಲಿ ವೃತ್ತಿಪರ ಟೆನಿಸ್. ಸಿಂಗಲ್ಸ್‌ನಲ್ಲಿ ಅವರು ಮುಟ್ಟಿದ ಅತ್ಯುತ್ತಮ ರ‍್ಯಾಂಕ್ 213. ಅದು 2007ರ ಮಾತು. ಆ ದಿನಗಳಲ್ಲಿ ಅವರ ಆಟವೆಂದರೆ ಭಾರೀ ಸರ್ವ್, ಅದರ ಹಿಂದೆಯೇ ಚಪ್ಪಟೆಯಾಗಿ ಹೊಡೆದ ಫೋರ್‌ಹ್ಯಾಂಡ್. ಚೆಂಡು ಬಿದ್ದರೆ ಅಂಕ ಅವರದು, ಬೀಳದಿದ್ದರೆ ಎದುರಾಳಿಯದು. ನಡುವಿನ ದಾರಿ ಅವರಿಗೆ ಗೊತ್ತಿರಲಿಲ್ಲವೇನೋ ಎಂದು ಆಗ ನನಗೆ ಅನಿಸುತ್ತಿತ್ತು.

ಈಗ 2024ರ ಜನವರಿ 27ರಂದು ಮೆಲ್ಬರ್ನ್‌ನಲ್ಲಿ ನಡೆದ ಆಸ್ಟ್ರೇಲಿಯನ್ ಓಪನ್ ಫೈನಲ್ ನೋಡಿ. ಬೋಪಣ್ಣ ಮತ್ತು ಮ್ಯಾಥ್ಯೂ ಎಬ್ಡೆನ್ ಜೋಡಿಯು ಇಟಲಿಯ ಸಿಮೋನೆ ಬೊಲೆಲ್ಲಿ ಮತ್ತು ಆಂಡ್ರಿಯಾ ವಾವಸ್ಸೋರಿ ಅವರನ್ನು 7-6, 7-5ರಿಂದ ಸೋಲಿಸಿತು. 6-6ರ ಸಮಬಲದ ಬಳಿಕ ಮೊದಲ ಸೆಟ್ಟನ್ನು ತೀರ್ಮಾನಿಸಿದ ಟೈಬ್ರೇಕ್ 7-0. ಎರಡೂ ಸೆಟ್‌ಗಳಲ್ಲಿ ಕೂದಲೆಳೆಯ ಅಂತರ. ಆದರೆ ಆ ಟೈಬ್ರೇಕ್‌ನಲ್ಲಿ ಈ ಜೋಡಿ ಎದುರಾಳಿಗಳಿಗೆ ಒಂದೇ ಒಂದು ಅಂಕ ಬಿಟ್ಟುಕೊಡಲಿಲ್ಲ. ಅಂದಿನ ಬೋಪಣ್ಣ ಅಂಕವನ್ನು ತಾವೇ ಮುಗಿಸಬೇಕೆಂಬ ಅವಸರದಲ್ಲಿ ಇರಲಿಲ್ಲ. ಅಂಕ ಮುಗಿಸುವ ಕೆಲಸ ನೆಟ್‌ನ ಬಳಿ ನಿಂತ ಜೊತೆಗಾರನದಾಗುವಂತೆ ಚೆಂಡನ್ನು ಕಳಿಸುತ್ತಿದ್ದರು. ನನ್ನ ಪ್ರಕಾರ ಇಡೀ ವೃತ್ತಿಜೀವನದ ಬೆಳವಣಿಗೆ ಈ ಒಂದು ಬದಲಾವಣೆಯಲ್ಲಿದೆ. ನಿಮ್ಮ ಅಭಿಪ್ರಾಯಗಳನ್ನು ತಿಳಿಯುವ ಆಸೆಯಿದೆ.

ಒಂಟಿಗೈ

ಬಹಳ ದಿನಗಳ ನಂತರ ಆಟದ ಬಗ್ಗೆಯೇ ಚರ್ಚೆ ಶುರು ಮಾಡಿದ್ದೀರಿ, ಧನ್ಯವಾದಗಳು. ನಾನು ಮಕ್ಕಳಿಗೆ ಟೆನಿಸ್ ಕಲಿಸುವವನು. ನೀವು ಸರ್ವ್‌ನಿಂದ ಆರಂಭಿಸಿದ್ದೀರಿ. ನಾನು ಬ್ಯಾಕ್‌ಹ್ಯಾಂಡ್‌ನಿಂದ ಆರಂಭಿಸುತ್ತೇನೆ, ಏಕೆಂದರೆ ಬೋಪಣ್ಣನವರ ಒಂಟಿಗೈ ಬ್ಯಾಕ್‌ಹ್ಯಾಂಡ್‌ನ ಬಗ್ಗೆ ಬರೆದವರು ಕಡಿಮೆ.

ಸಿಂಗಲ್ಸ್‌ನಲ್ಲಿ ಒಂಟಿಗೈ ಬ್ಯಾಕ್‌ಹ್ಯಾಂಡ್ ಇರುವವರಿಗೆ ಭುಜದೆತ್ತರಕ್ಕೆ ಪುಟಿಯುವ ಕಿಕ್ ಸರ್ವ್ ಎಂದರೆ ದೊಡ್ಡ ತೊಂದರೆ. ಹಿಂದೆ ಸರಿದರೆ ಅಂಕಣ ತೆರೆದುಕೊಳ್ಳುತ್ತದೆ, ಮುಂದೆ ಬಂದರೆ ಸಮಯ ಸಿಗುವುದಿಲ್ಲ. ಡಬಲ್ಸ್‌ನಲ್ಲಿ ಲೆಕ್ಕವೇ ಬೇರೆ. ಅಲ್ಲಿ ರಿಟರ್ನ್, ಅಂದರೆ ಸರ್ವನ್ನು ಮರಳಿಸುವ ಹೊಡೆತ, ಜೋರಾಗಿರಬೇಕಾಗಿಲ್ಲ. ನೆಟ್ ದಾಟಿದ ಕೂಡಲೇ ತಗ್ಗಬೇಕು, ಸರ್ವ್ ಮಾಡಿ ಮುಂದೆ ಓಡಿ ಬರುತ್ತಿರುವವನ ಪಾದದ ಬಳಿ ಬೀಳಬೇಕು. ಹಾಗೆ ಬಿದ್ದ ಚೆಂಡನ್ನು ಅವನು ಕೆಳಗಿನಿಂದ ಮೇಲಕ್ಕೆ ಎತ್ತಿ ಆಡಲೇಬೇಕಾಗುತ್ತದೆ. ಎತ್ತಿದ ಚೆಂಡು ನೆಟ್‌ನ ಬಳಿ ಕಾದು ನಿಂತ ಜೊತೆಗಾರನಿಗೆ ಸುಲಭದ ತುತ್ತು.

ಬೋಪಣ್ಣ ಕೊನೆಯ ವರ್ಷಗಳಲ್ಲಿ ಈ ರಿಟರ್ನನ್ನು ಆಡುತ್ತಿದ್ದ ರೀತಿಯನ್ನು ನಾನು ವಿಡಿಯೊ ನಿಲ್ಲಿಸಿ ನಿಲ್ಲಿಸಿ ಮಕ್ಕಳಿಗೆ ತೋರಿಸುತ್ತೇನೆ. ರ‍್ಯಾಕೆಟ್ ಹಿಂದಕ್ಕೆ ಹೋಗುವುದೇ ಇಲ್ಲ ಎನ್ನುವಷ್ಟು ಚಿಕ್ಕ ಚಲನೆ. ಎಡಗೈ ರ‍್ಯಾಕೆಟ್‌ನ ಕತ್ತನ್ನು ಕೊನೆಯ ಕ್ಷಣದವರೆಗೆ ಹಿಡಿದಿರುತ್ತದೆ. ಬಲಗಾಲು ಚೆಂಡಿನ ಕಡೆಗೆ ಒಂದೇ ಹೆಜ್ಜೆ ಇಡುತ್ತದೆ, ಮಣಿಕಟ್ಟು ಅಲುಗುವುದಿಲ್ಲ. ಎದುರಾಳಿಯ ವೇಗವನ್ನೇ ಎರವಲು ಪಡೆದು ಚೆಂಡನ್ನು ಕತ್ತರಿಸಿ ಕಳಿಸುವುದು, ಅಷ್ಟೇ. ನೋಡಲು ಸುಲಭ, ಆದರೆ ಮಕ್ಕಳಿಗೆ ಇದನ್ನು ಕಲಿಸಲು ಹೊರಟರೆ ಆ ಎಡಗೈಯನ್ನು ಅವರು ಎಷ್ಟು ಬೇಗ ಬಿಟ್ಟುಬಿಡುತ್ತಾರೆಂದರೆ, ಅದೊಂದನ್ನೇ ತಿದ್ದಲು ತಿಂಗಳುಗಳು ಬೇಕು.

ನೆಟ್ ಬಳಿಯವನು

ಇಬ್ಬರ ಬರಹವನ್ನೂ ಮೆಚ್ಚಿದೆ. ಆದರೆ ಒಂದು ತಕರಾರನ್ನು ಮುಂದಿಡಲೇಬೇಕು, ಅದನ್ನು ಅಗೌರವವೆಂದು ತಿಳಿಯಬಾರದಾಗಿ ವಿನಂತಿ.

ಡಬಲ್ಸ್‌ನ ಒಂದನೇ ರ‍್ಯಾಂಕನ್ನು ನಾವು ಎಷ್ಟು ತೂಗಬೇಕು? ಸಿಂಗಲ್ಸ್‌ನ ಅಗ್ರ ಆಟಗಾರರಲ್ಲಿ ಹೆಚ್ಚಿನವರು ಗ್ರ್ಯಾನ್‌ಸ್ಲಾಮ್ ಡಬಲ್ಸ್ ಆಡುವುದೇ ಇಲ್ಲ. ಅಂಕಣದ ಅರ್ಧ ಭಾಗವನ್ನು ಮಾತ್ರ ಕಾಯಬೇಕು, ಅಂಕಗಳು ನಾಲ್ಕೈದು ಹೊಡೆತಗಳಲ್ಲಿ ಮುಗಿಯುತ್ತವೆ. ಸಾಮಾನ್ಯ ಎಟಿಪಿ (ಪುರುಷರ ವೃತ್ತಿಪರ ಟೆನಿಸ್) ಟೂರ್ನಿಗಳಲ್ಲಿ ಡ್ಯೂಸ್ (40-40ರ ಸಮಬಲ) ಆದರೆ ಒಂದೇ ಅಂಕಕ್ಕೆ ಗೇಮ್ ತೀರ್ಮಾನವಾಗುತ್ತದೆ, ಮೂರನೇ ಸೆಟ್‌ನ ಬದಲಿಗೆ ಹತ್ತು ಅಂಕಗಳ ಟೈಬ್ರೇಕ್ ಇರುತ್ತದೆ. ನಲವತ್ತು ದಾಟಿದ ಆಟಗಾರ ಇಲ್ಲಿ ಉಳಿಯುವುದಕ್ಕೆ ಈ ನಿಯಮಗಳೂ ಕಾರಣವಲ್ಲವೇ? ಜೊತೆಗೆ, ಬೋಪಣ್ಣನವರ ಕಾಲಿನ ವೇಗ ಎಂದೂ ಅವರ ಬಲವಾಗಿರಲಿಲ್ಲ. ದೇಹದಿಂದ ದೂರಕ್ಕೆ, ಮೊಣಕಾಲಿಗಿಂತ ಕೆಳಗೆ ಬಂದ ಮೊದಲ ವಾಲಿಯಲ್ಲಿ (ಚೆಂಡು ನೆಲಕ್ಕೆ ಬೀಳುವ ಮೊದಲೇ ಆಡುವ ಹೊಡೆತದಲ್ಲಿ) ಅವರು ತಡವರಿಸುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಜೊತೆಗಾರ ಚುರುಕಾಗಿದ್ದರೆ ಅದು ಮುಚ್ಚಿಹೋಗುತ್ತಿತ್ತು.

ಕ್ರಾಸ್‌ಕೋರ್ಟ್

ನಿಮ್ಮ ತಕರಾರಿನ ಕೊನೆಯ ಭಾಗವನ್ನು ಪೂರ್ತಿ ಒಪ್ಪುತ್ತೇನೆ. ತಗ್ಗಿನ ವಾಲಿ ಅವರ ಆಟದ ದುರ್ಬಲ ಭಾಗವೇ ಆಗಿತ್ತು. ಅದಕ್ಕೇ ಅವರ ಮೊದಲ ಸರ್ವ್‌ನ ಜಾಗ ಅಷ್ಟು ಮುಖ್ಯವಾಯಿತು. ಎದುರಾಳಿಯ ದೇಹಕ್ಕೆ ಗುರಿಯಿಟ್ಟು, ಅವನ ಕೈ ಬಿಡಿಸಿಕೊಳ್ಳಲು ಜಾಗವಿಲ್ಲದಂತೆ ಸರ್ವ್ ಮಾಡಿದರೆ ತಗ್ಗಿನ ರಿಟರ್ನ್ ಬರುವುದೇ ಕಷ್ಟ. ಏಸ್ (ಎದುರಾಳಿ ಮುಟ್ಟಲಾಗದ ಸರ್ವ್) ಹೊಡೆಯುವ ಶಕ್ತಿಯಿದ್ದವರು ಏಸ್‌ನ ಆಸೆಯನ್ನು ಬಿಟ್ಟು ಹೀಗೆ ಆಡತೊಡಗಿದ್ದನ್ನೇ ನಾನು ಮೇಲೆ ಬದಲಾವಣೆ ಎಂದದ್ದು.

ನಿಯಮಗಳ ವಿಷಯದಲ್ಲಿ ಮಾತ್ರ ನನ್ನದು ಬೇರೆ ಓದು. ಒಂದೇ ಅಂಕಕ್ಕೆ ಗೇಮ್, ಹತ್ತು ಅಂಕಕ್ಕೆ ಸೆಟ್ ಎಂದರೆ ತಪ್ಪಿಗೆ ಅವಕಾಶವೇ ಇಲ್ಲ ಎಂದರ್ಥ. ಕಿರಿಯರು ದೈಹಿಕ ಶಕ್ತಿಯಿಂದ ಪಂದ್ಯವನ್ನು ಎಳೆದು ಗೆಲ್ಲುವ ದಾರಿ ಮುಚ್ಚುತ್ತದೆ, ನಿಜ. ಆದರೆ ಅನುಭವಿ ಜೋಡಿಯು ನಿಧಾನವಾಗಿ ಚೇತರಿಸಿಕೊಳ್ಳುವ ದಾರಿಯೂ ಮುಚ್ಚುತ್ತದೆ. 2017ರ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಫೈನಲ್ ನೆನಪಿಸಿಕೊಳ್ಳಿ. ಕೆನಡಾದ ಗೇಬ್ರಿಯೆಲಾ ಡಬ್ರೊವ್ಸ್ಕಿ ಜೊತೆಗೂಡಿ ಅವರು ಅನ್ನಾ-ಲೆನಾ ಗ್ರೋನೆಫೆಲ್ಡ್ ಮತ್ತು ರಾಬರ್ಟ್ ಫರಾ ಎದುರು ಮೊದಲ ಸೆಟ್ಟನ್ನು 2-6ರಿಂದ ಕಳೆದುಕೊಂಡು, ಎರಡನೆಯದನ್ನು 6-2ರಿಂದ ಗೆದ್ದು, ನಿರ್ಣಾಯಕ ಟೈಬ್ರೇಕ್‌ನಲ್ಲಿ ಎರಡು ಮ್ಯಾಚ್ ಪಾಯಿಂಟ್ ಉಳಿಸಿಕೊಂಡು 12-10ರಿಂದ ಪಂದ್ಯ ಗೆದ್ದರು. ಪೇಸ್, ಭೂಪತಿ, ಸಾನಿಯಾ ಅವರ ನಂತರ ಗ್ರ್ಯಾನ್‌ಸ್ಲಾಮ್ ಪ್ರಶಸ್ತಿ ಗೆದ್ದ ನಾಲ್ಕನೇ ಭಾರತೀಯರಾದದ್ದು ಹಾಗೆ. ಎರಡು ಸಲ ಒಂದೇ ಅಂಕದ ಅಂಚಿನಲ್ಲಿ ನಿಂತು ಹಿಂದಿರುಗಿದ್ದನ್ನು ನಿಯಮದ ಉಪಕಾರ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಸಿಂಗಲ್ಸ್ ಆಟಗಾರರ ಮಾತಿಗೆ ಒಂದು ಉದಾಹರಣೆ ಸಾಕು. 2023ರ ಇಂಡಿಯನ್ ವೆಲ್ಸ್ ಸೆಮಿಫೈನಲ್‌ನಲ್ಲಿ ಬೋಪಣ್ಣ ಮತ್ತು ಎಬ್ಡೆನ್ ಸೋಲಿಸಿದ್ದು ಹಿಂದಿನ ವರ್ಷದ ಚಾಂಪಿಯನ್ನರಾದ ಜಾನ್ ಇಸ್ನರ್ ಮತ್ತು ಜ್ಯಾಕ್ ಸಾಕ್ ಅವರನ್ನು. ಇಬ್ಬರೂ ಸಿಂಗಲ್ಸ್‌ನಲ್ಲಿ ವಿಶ್ವದ ಮೊದಲ ಹತ್ತರೊಳಗೆ ಇದ್ದವರು. ಫೈನಲ್‌ನಲ್ಲಿ ಆ ಟೂರ್ನಿಯ ಅಗ್ರ ಶ್ರೇಯಾಂಕದ ಕೂಲ್‌ಹಾಫ್ ಮತ್ತು ಸ್ಕುಪ್ಸ್‌ಕಿ ಜೋಡಿಯನ್ನು 6-3, 2-6, 10-8ರಿಂದ ಮಣಿಸಿದರು. ಮಾಸ್ಟರ್ಸ್ 1000 ಪ್ರಶಸ್ತಿ ಗೆದ್ದ ಅತಿ ಹಿರಿಯ ಆಟಗಾರನೆಂಬ ಡೇನಿಯಲ್ ನೆಸ್ಟರ್ ಅವರ ದಾಖಲೆ ಅಂದು ಮುರಿಯಿತು.

ಹಳೆಯ ಪ್ರೇಕ್ಷಕ

ಸಿಂಗಲ್ಸ್ ಅವರಿಂದ ಆಗುತ್ತಿರಲಿಲ್ಲ ಎಂಬ ಧಾಟಿಗೆ ಹೋಗುವ ಮೊದಲು 2010ರ ಸೆಪ್ಟೆಂಬರ್‌ನ ಚೆನ್ನೈಯನ್ನು ನೆನೆಯಬೇಕು. ಬ್ರೆಜಿಲ್ ಎದುರಿನ ಡೇವಿಸ್ ಕಪ್ (ದೇಶಗಳ ನಡುವಿನ ಟೂರ್ನಿ) ಹಣಾಹಣಿಯ ಮೊದಲ ದಿನ ಭಾರತ 0-2ರಿಂದ ಹಿಂದಿತ್ತು. ಬೋಪಣ್ಣನವರೇ ಥಾಮಸ್ ಬೆಲ್ಲುಚಿ ಎದುರು ಐದು ಸೆಟ್‌ಗಳ ಹೋರಾಟದಲ್ಲಿ ಸೋತಿದ್ದರು. ಮರುದಿನ ಪೇಸ್ ಮತ್ತು ಭೂಪತಿ ಡಬಲ್ಸ್ ಗೆದ್ದರು. ಕೊನೆಯ ದಿನ ಸೋಮದೇವ್ ದೇವವರ್ಮನ್ ಎದುರು ಬೆಲ್ಲುಚಿ ಆಟ ಬಿಟ್ಟುಕೊಟ್ಟರು. ಐದನೇ ಪಂದ್ಯಕ್ಕೆ ಇಳಿದವರು ಬೋಪಣ್ಣ. ರಿಕಾರ್ಡೊ ಮೆಲ್ಲೊ ಅವರನ್ನು ನೇರ ಸೆಟ್‌ಗಳಲ್ಲಿ ಸೋಲಿಸಿ ಭಾರತವನ್ನು ಅಗ್ರ ಹಂತವಾದ ವಿಶ್ವ ಗುಂಪಿನಲ್ಲಿ ಉಳಿಸಿದರು. ಅದಕ್ಕೆ ಕೆಲವೇ ದಿನ ಮೊದಲು ಅವರು ನ್ಯೂಯಾರ್ಕ್‌ನಲ್ಲಿ ಅಮೆರಿಕ ಓಪನ್ ಡಬಲ್ಸ್ ಫೈನಲ್ ಆಡಿ, ಸಮುದ್ರ ದಾಟಿ ಬಂದಿದ್ದರು.

ಆ ಫೈನಲ್‌ನ ಕಥೆಯೂ ಇಲ್ಲಿ ಬರಬೇಕು. ಜೊತೆಗಾರ ಪಾಕಿಸ್ತಾನದ ಐಸಾಮ್-ಉಲ್-ಹಕ್ ಖುರೇಷಿ, ಎದುರಿಗೆ ಬ್ರಯಾನ್ ಸಹೋದರರು. 7-6, 7-6ರಿಂದ ಸೋತರು. ಎರಡೂ ದೇಶಗಳ ವಿಶ್ವಸಂಸ್ಥೆ ಪ್ರತಿನಿಧಿಗಳು ಜೊತೆಯಾಗಿ ಕುಳಿತು ಆ ಪಂದ್ಯ ನೋಡಿದರು. ಯುದ್ಧ ನಿಲ್ಲಿಸಿ, ಟೆನಿಸ್ ಆಡಿ ಎಂದು ಈ ಇಬ್ಬರೂ ಆಗ ಮಾಡುತ್ತಿದ್ದ ಮನವಿಯನ್ನು ಇಂದು ಓದಿದರೂ ನನ್ನ ಗಂಟಲು ಕಟ್ಟುತ್ತದೆ. ಆಟದ ದೃಷ್ಟಿಯಿಂದ ಹೇಳುವುದಾದರೆ, ಆಗಿನ ಬೋಪಣ್ಣ ಹೊಡೆಯುವವರು, ಖುರೇಷಿ ಮುಂದೆ ನುಗ್ಗುವವರು. ಇಬ್ಬರೂ ದಾಳಿಕೋರರೇ. ಬ್ರಯಾನ್‌ಗಳ ಎದುರು ಎರಡು ಟೈಬ್ರೇಕ್‌ಗಳಲ್ಲಿ ಸೋತದ್ದಕ್ಕೆ ಇದೂ ಒಂದು ಕಾರಣವೆಂದು ನನಗನಿಸುತ್ತದೆ.

ಕಾಫಿ ಹೂವು

ಜೊತೆಗಾರರ ಸಾಲನ್ನು ಇಟ್ಟುಕೊಂಡು ನೋಡಿದರೆ ಮೇಲಿನ ಮಾತು ಇನ್ನೂ ಸ್ಪಷ್ಟವಾಗುತ್ತದೆ ಎಂದು ಭಾವಿಸುತ್ತೇನೆ. ಅವರ ಆರು ಮಾಸ್ಟರ್ಸ್ ಪ್ರಶಸ್ತಿಗಳು ಐದು ಬೇರೆ ಬೇರೆ ಜೊತೆಗಾರರೊಂದಿಗೆ ಬಂದವು: 2011ರ ಪ್ಯಾರಿಸ್ ಖುರೇಷಿಯೊಂದಿಗೆ, 2012ರ ಪ್ಯಾರಿಸ್ ಭೂಪತಿಯೊಂದಿಗೆ, 2015ರ ಮ್ಯಾಡ್ರಿಡ್ ಫ್ಲೋರಿನ್ ಮೆರ್ಜಿಯಾ ಜೊತೆ, 2017ರ ಮಾಂಟೆಕಾರ್ಲೊ ಪಾಬ್ಲೊ ಕುವೆವಾಸ್ ಜೊತೆ, ಕೊನೆಯ ಎರಡು ಎಬ್ಡೆನ್ ಜೊತೆ. ಇಷ್ಟು ಬಗೆಯ ಆಟಗಾರರೊಂದಿಗೆ ಹೊಂದಿಕೊಂಡು ಗೆದ್ದವರು ಎಲ್ಲಿ ಹೋದರೂ ಬೇಕಾಗುವ ಯಾವುದೋ ಒಂದು ಗುಣವನ್ನು ಹೊತ್ತೊಯ್ಯುತ್ತಿರಬೇಕು. ಅದು ಸರ್ವ್ ಎಂದು ನಾನೂ ಒಪ್ಪುತ್ತೇನೆ. ಆದರೆ ಸರ್ವ್ ಒಂದೇ ಆಗಿದ್ದರೆ ಪುರುಷರ ಡಬಲ್ಸ್‌ನ ಗ್ರ್ಯಾನ್‌ಸ್ಲಾಮ್ 2010ರಲ್ಲೇ ಬರಬೇಕಿತ್ತು.

2012ರ ಲಂಡನ್ ಒಲಿಂಪಿಕ್ಸ್‌ಗೆ ಪೇಸ್ ಜೊತೆ ಆಡಬೇಕೆಂಬ ಒತ್ತಡಕ್ಕೆ ಒಪ್ಪದೆ ಭೂಪತಿಯವರೊಂದಿಗೇ ಆಡಿದ ವಿಷಯದಲ್ಲಿ ಅವರನ್ನು ದೂರಿದವರು ಬಹಳ. ಡಬಲ್ಸ್ ಜೋಡಿ ಎಂದರೆ ಹೆಸರುಗಳ ಕೂಡಿಕೆ ಮಾತ್ರವಲ್ಲ. ವಾರಗಟ್ಟಲೆ ಜೊತೆಗೆ ಆಡಿ ಬೆಳೆಸಿಕೊಂಡ ಸೂಚನೆಗಳ ಭಾಷೆ ಅದು ಎಂಬುದನ್ನು ನಾವು ಆಗ ಅರ್ಥ ಮಾಡಿಕೊಳ್ಳಲಿಲ್ಲ. ಪದಕವಿಲ್ಲದೆ ಉಳಿದದ್ದು ನೋವಿನ ಸಂಗತಿಯೇ. 2016ರಲ್ಲಿ ರಿಯೊದಲ್ಲಿ ಸಾನಿಯಾ ಜೊತೆ ಕಂಚಿನ ಪಂದ್ಯದವರೆಗೆ ಬಂದು, ಹ್ರಾಡೆಕ್ಕಾ ಮತ್ತು ಸ್ಟೆಪಾನೆಕ್ ಜೋಡಿಗೆ ಸೋತು ನಾಲ್ಕನೆಯವರಾದಾಗ ನಮ್ಮ ಮನೆಯಲ್ಲಿ ಯಾರೂ ಬಹಳ ಹೊತ್ತು ಮಾತನಾಡಲಿಲ್ಲ.

ಎಬ್ಡೆನ್ ವಿಷಯಕ್ಕೆ ಬರುತ್ತೇನೆ. ಅವರು ಅಂಕಣದಲ್ಲಿ ಒಂದು ಕ್ಷಣವೂ ನಿಂತಲ್ಲಿ ನಿಲ್ಲುವವರಲ್ಲ. ಚುರುಕಾದ ಕೈ, ಚುರುಕಾದ ಕಾಲು, ನೆಟ್ ಬಳಿ ಚೆಂಡನ್ನು ಅಡ್ಡಗಟ್ಟುವುದರಲ್ಲಿ ನಿಪುಣರು. ಬೋಪಣ್ಣನವರ ಬಲದ ಮುಂದೆ ಇಂಥವರೊಬ್ಬರು ನಿಂತಾಗ ನೆಟ್ ಬಳಿಯವರು ಹೇಳಿದ ಕೊರತೆ ಕೊರತೆಯಾಗಿ ಉಳಿಯಲಿಲ್ಲ. ಅದನ್ನು ಮುಚ್ಚಿಹೋಯಿತು ಎನ್ನುವ ಬದಲು, ತಮ್ಮ ಕೊರತೆಯನ್ನು ಅರಿತು ಸರಿಯಾದ ಜೊತೆಗಾರನನ್ನು ಆರಿಸಿಕೊಂಡರು ಎನ್ನುವುದು ನ್ಯಾಯ. ಡಬಲ್ಸ್‌ನಲ್ಲಿ ಅದೂ ಒಂದು ಕೌಶಲವೇ.

ಒಂಟಿಗೈ

ಕಾಫಿ ಹೂವು ಅವರೇ, ನಿಮ್ಮ ಮಾತಿಗೆ ನನ್ನದೊಂದು ಸೇರಿಕೆ. ಎಬ್ಡೆನ್‌ಗೂ ಮುನ್ನ ಮಾಟ್ವೆ ಮಿಡಲ್‌ಕೂಪ್ ಜೊತೆಗಿನ 2022ರ ಫ್ರೆಂಚ್ ಓಪನ್ ಅನ್ನು ಮರೆಯಬಾರದು. ಮೂರನೇ ಸುತ್ತಿನಲ್ಲಿ ಮೆಕ್ಟಿಚ್ ಮತ್ತು ಪಾವಿಚ್ ಎದುರು ಐದು ಮ್ಯಾಚ್ ಪಾಯಿಂಟ್ ಉಳಿಸಿಕೊಂಡು ಗೆದ್ದ ಪಂದ್ಯವದು. ಸೆಮಿಫೈನಲ್‌ನಲ್ಲಿ ಮೂರನೇ ಸೆಟ್‌ನ ಹತ್ತಂಕದ ಟೈಬ್ರೇಕ್‌ನಲ್ಲಿ ಸೋತರು. ಅವರನ್ನು ಸೋಲಿಸಿದ ಜೋಡಿಯ ಜೀನ್-ಜೂಲಿಯನ್ ರೋಜರ್ 40ನೇ ವಯಸ್ಸಿನಲ್ಲಿ ಆ ಪ್ರಶಸ್ತಿ ಗೆದ್ದು ದಾಖಲೆ ಬರೆದರು. ಒಂದೂವರೆ ವರ್ಷದ ಬಳಿಕ ಅದೇ ದಾಖಲೆಯನ್ನು ಬೋಪಣ್ಣ ಮುರಿದರು. ಮೆಲ್ಬರ್ನ್‌ನ ಗೆಲುವು ಆಕಾಶದಿಂದ ಉದುರಿದ್ದಲ್ಲ ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಮೊಣಕಾಲು

ಆಟದ ಮಾತು ಚೆನ್ನಾಗಿ ಸಾಗಿದೆ. ಆದರೂ ದೇಹದ ಮಾತನ್ನು ಪೂರ್ತಿ ಬದಿಗಿಡುವುದು ಸರಿಯಲ್ಲ, ಏಕೆಂದರೆ ಬೋಪಣ್ಣನವರ ಪಾಲಿಗೆ ಅವೆರಡೂ ಒಂದೇ ಆಗಿದ್ದವು. ಅವರ ಮೊಣಕಾಲುಗಳ ಮೃದ್ವಸ್ಥಿ ಸವೆದುಹೋಗಿತ್ತು. ನೋವಿನ ಮಾತ್ರೆ ನುಂಗಿ ಅಂಕಣಕ್ಕಿಳಿಯುತ್ತಿದ್ದ ಕಾಲವನ್ನು ಅವರೇ ಹೇಳಿಕೊಂಡಿದ್ದಾರೆ. 2020ರ ಕೋವಿಡ್ ಬಿಡುವಿನಲ್ಲಿ ಅವರು ಅಯ್ಯಂಗಾರ್ ಯೋಗ ಆರಂಭಿಸಿದರು. ಆ ಪದ್ಧತಿಯಲ್ಲಿ ಹಗ್ಗ, ಪಟ್ಟಿ, ಮರದ ಇಟ್ಟಿಗೆಗಳ ಆಸರೆಯಿಂದ ಒಂದೊಂದು ಆಸನದಲ್ಲಿ ದೀರ್ಘಕಾಲ ನಿಲ್ಲಬೇಕಾಗುತ್ತದೆ. ತೊಡೆ ಮತ್ತು ಸೊಂಟದ ಸ್ನಾಯುಗಳು ಗಟ್ಟಿಯಾದಂತೆ ಮೊಣಕಾಲಿನ ಮೇಲಿನ ಹೊರೆ ಕಡಿಮೆಯಾಗುತ್ತದೆ. ಸ್ವತಃ ಮೊಣಕಾಲು ನೋವಿನಿಂದ ನರಳಿದ ನನಗೆ ಇದು ಬರೀ ಓದಿದ ವಿಷಯವಲ್ಲ.

ಆದರೆ ಯೋಗ ಶುರು ಮಾಡಿದ ಕೂಡಲೇ ಗೆಲುವು ಬರಲಿಲ್ಲ. 2021ರಲ್ಲಿ ಐದು ತಿಂಗಳು ಒಂದೂ ಪಂದ್ಯ ಗೆಲ್ಲದೆ, ಆಟ ನಿಲ್ಲಿಸುತ್ತೇನೆಂದು ಹೆಂಡತಿಗೆ ವಿಡಿಯೊ ಸಂದೇಶ ಕಳಿಸಿದ್ದೆ ಎಂದು ಮೆಲ್ಬರ್ನ್ ಪ್ರಶಸ್ತಿಯ ನಂತರ ಅವರು ಹೇಳಿದರು. ನೋವಿಲ್ಲದ ಕಾಲು ಬಂದ ಮೇಲೂ ಅದರ ಮೇಲೆ ಭರವಸೆಯಿಟ್ಟು ಆಡುವುದಕ್ಕೆ ಅಷ್ಟು ಸಮಯ ಬೇಕಾಯಿತು ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ಒಂಟಿಗೈಯವರು ವಿವರಿಸಿದ ಆ ರಿಟರ್ನ್‌ನ ಒಂದು ಹೆಜ್ಜೆ ಇದೆಯಲ್ಲ, ಮಂಡಿ ಬಗ್ಗದಿದ್ದರೆ ಅದನ್ನು ಇಡಲು ಸಾಧ್ಯವೇ ಇಲ್ಲ.

ನೆಟ್ ಬಳಿಯವನು

ಎಲ್ಲರ ಉತ್ತರಗಳನ್ನೂ ಎರಡೆರಡು ಸಲ ಓದಿದೆ. ರ‍್ಯಾಂಕಿನ ತೂಕದ ಬಗ್ಗೆ ನನ್ನ ಅನುಮಾನ ಪೂರ್ತಿ ಹೋಗಿಲ್ಲ. ಸಿಂಗಲ್ಸ್ ಮತ್ತು ಡಬಲ್ಸ್ ಒಂದೇ ತಕ್ಕಡಿಯವಲ್ಲ ಎಂದೇ ಈಗಲೂ ನಂಬಿದ್ದೇನೆ. ಆದರೆ ಮುಚ್ಚಿಹೋಗುತ್ತಿತ್ತು ಎಂಬ ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಜೊತೆಗಾರನ ಆಯ್ಕೆಯನ್ನು ನಾನು ಆಟದ ಭಾಗವೆಂದು ಎಣಿಸಿರಲಿಲ್ಲ.

ನಾನು ಅವರನ್ನು ಮನಸಾರೆ ಮೆಚ್ಚಿದ ಒಂದು ಕ್ಷಣವನ್ನು ಇಲ್ಲಿ ಬರೆಯಬೇಕು. 2023ರ ಅಮೆರಿಕ ಓಪನ್ ಫೈನಲ್, ಎದುರಿಗೆ ರಾಜೀವ್ ರಾಮ್ ಮತ್ತು ಜೋ ಸ್ಯಾಲಿಸ್ಬರಿ, ಮೂರನೇ ಸೆಟ್. 43ನೇ ವಯಸ್ಸಿನಲ್ಲಿ, ಹದಿಮೂರು ವರ್ಷಗಳ ನಂತರ ಮತ್ತೆ ಪುರುಷರ ಡಬಲ್ಸ್ ಫೈನಲ್. ಅಂಕ ಅವರ ಜೋಡಿಗೆ ಸಂದಿತ್ತು. ಚೆಂಡು ನೆಟ್ ದಾಟುವ ಮೊದಲು ತಮ್ಮ ತೋಳಿಗೆ ಸವರಿತ್ತು ಎಂದು ಬೋಪಣ್ಣ ತಾವಾಗಿಯೇ ಹೇಳಿ ಅಂಕವನ್ನು ಎದುರಾಳಿಗಳಿಗೆ ಬಿಟ್ಟುಕೊಟ್ಟರು. ಅಂಪೈರ್ ನೋಡಿರಲಿಲ್ಲ, ಎದುರಾಳಿಗಳು ಕೇಳಿರಲಿಲ್ಲ. ಆ ಪಂದ್ಯವನ್ನು ಅವರು 6-2, 3-6, 4-6ರಿಂದ ಸೋತರು.

ಕ್ರಾಸ್‌ಕೋರ್ಟ್

ಆ ಅಂಕವನ್ನು ನಾನೂ ನೇರಪ್ರಸಾರದಲ್ಲಿ ನೋಡಿದ್ದೆ. ಅವರು ಕೈಯೆತ್ತಿ ತೋಳನ್ನು ತೋರಿಸುವವರೆಗೆ ಏನಾಯಿತೆಂದು ನನಗೆ ತಿಳಿದಿರಲಿಲ್ಲ.

ಅದಾದ ಒಂದು ವಾರಕ್ಕೆ ಲಖನೌದಲ್ಲಿ ಮೊರಾಕ್ಕೊ ಎದುರು ಯೂಕಿ ಭಾಂಬ್ರಿ ಜೊತೆ 6-2, 6-1ರಿಂದ ಗೆದ್ದು ಅವರು ಡೇವಿಸ್ ಕಪ್‌ಗೆ ವಿದಾಯ ಹೇಳಿದರು. ಮುಂದಿನ ಜನವರಿಯಲ್ಲಿ ಮೆಲ್ಬರ್ನ್. ಅಲ್ಲಿ ಒಂದನೇ ರ‍್ಯಾಂಕ್ ಖಚಿತವಾದದ್ದು ಕ್ವಾರ್ಟರ್‌ಫೈನಲ್ ಗೆದ್ದಾಗ. ಜನವರಿ 29ರ ಪಟ್ಟಿಯಲ್ಲಿ ಹೆಸರು ಮೇಲೇರಿತು. ಇದೇ ಟೂರ್ನಿಯ ಸೆಮಿಫೈನಲ್‌ನಲ್ಲಿ ಟೊಮಾಸ್ ಮಖಾಚ್ ಮತ್ತು ಜಾಂಗ್ ಜಿಜೆನ್ ಎಂಬ ಕಿರಿಯರ ಎದುರು ಮೂರನೇ ಸೆಟ್ಟಿನ ಟೈಬ್ರೇಕ್ 10-7. ಫೈನಲ್‌ಗಿಂತ ಕಷ್ಟದ ಪಂದ್ಯ ಅದೇ ಎಂಬುದು ನನ್ನ ಎಣಿಕೆ. ಸಮಯವಿದ್ದವರು ಆ ಕೊನೆಯ ಟೈಬ್ರೇಕನ್ನು ಮತ್ತೊಮ್ಮೆ ನೋಡಿ, ಬೋಪಣ್ಣನವರ ರಿಟರ್ನ್‌ಗಳು ಎಲ್ಲಿ ಬಿದ್ದವು ಎಂಬುದನ್ನು ಗಮನಿಸಿ ಬರೆಯಿರಿ. ಒಂಟಿಗೈಯವರ ಮಾತನ್ನು ಅಂಕದಿಂದ ಅಂಕಕ್ಕೆ ಹೋಲಿಸಿ ನೋಡುವ ಆಸೆ ನನಗಿದೆ.

ಒಂಟಿಗೈ

ಖಂಡಿತ ನೋಡಿ ಬರೆಯುತ್ತೇನೆ. ಅದಕ್ಕೂ ಮೊದಲು 2025ರ ಏಪ್ರಿಲ್‌ನ ಮಾಂಟೆಕಾರ್ಲೊ ಪಂದ್ಯವನ್ನು ನೋಡಬೇಕೆಂದುಕೊಂಡಿದ್ದೇನೆ. ಜೊತೆಗಾರ ಬೆನ್ ಶೆಲ್ಟನ್, ಬೋಪಣ್ಣನವರಿಗಿಂತ ಇಪ್ಪತ್ತೆರಡು ವರ್ಷ ಚಿಕ್ಕವರು. ಸೆರುಂಡೊಲೊ ಮತ್ತು ತಬಿಲೊ ಎದುರು 6-3, 7-5ರಿಂದ ಗೆದ್ದ ಆ ದಿನ ಬೋಪಣ್ಣನವರಿಗೆ 45 ವರ್ಷ. ಮಾಸ್ಟರ್ಸ್ 1000 ಮಟ್ಟದಲ್ಲಿ ಪಂದ್ಯ ಗೆದ್ದ ಅತಿ ಹಿರಿಯರು ಅವರೇ. ಮಣ್ಣಿನ ಅಂಕಣದಲ್ಲಿ ಚೆಂಡು ನಿಧಾನವಾಗಿ ಬಂದು ಎತ್ತರಕ್ಕೆ ಪುಟಿಯುತ್ತದೆ, ಒಂಟಿಗೈ ರಿಟರ್ನ್‌ಗೆ ಅದು ಅತ್ಯಂತ ಕಠಿಣವಾದ ನೆಲ. ಅಲ್ಲಿ ಅವರ ಎಡಗೈ ರ‍್ಯಾಕೆಟ್‌ನ ಕತ್ತನ್ನು ಯಾವಾಗ ಬಿಡುತ್ತದೆ ಎಂಬುದನ್ನು ಮಕ್ಕಳೊಂದಿಗೆ ಕುಳಿತು ನೋಡುತ್ತೇನೆ.